ಕೋಟೆಯ ನೀರು: ಸೇನಾನೆಲೆಯ ಸಿಬ್ಬಂದಿಗೆ ಪರಿಸರ ಪ್ರಜ್ಞೆಯ ಪಾಠ

ಕೋಟೆಯ ಬಲವನ್ನು ಅಳೆಯುವವರು ಸಾಮಾನ್ಯವಾಗಿ ಅದರ ಗೋಡೆಯ ದಪ್ಪವನ್ನು, ಬುರುಜುಗಳ ಸಂಖ್ಯೆಯನ್ನು, ತೋಪುಗಳ ಗಾತ್ರವನ್ನು ಲೆಕ್ಕ ಹಾಕುತ್ತಾರೆ. ವಿಜಯಪುರಕ್ಕೆ ಬರುವ ಪ್ರವಾಸಿಗನು ಮೊದಲು ಕೇಳುವುದು ಮಲಿಕ್-ಎ-ಮೈದಾನ್ ತೋಪಿನ ತೂಕವನ್ನೇ. ಆ ತೋಪನ್ನು ಕಾಯುತ್ತಿದ್ದ ಸಿಪಾಯಿ ಯಾವ ನೀರು ಕುಡಿಯುತ್ತಿದ್ದ, ಆ ನೀರು ಎಲ್ಲಿಂದ ಬರುತ್ತಿತ್ತು, ಅದನ್ನು ಕೆಡದಂತೆ ನೋಡಿಕೊಳ್ಳುತ್ತಿದ್ದವರು ಯಾರು ಎಂದು ಕೇಳುವವರು ವಿರಳ. ಆದರೆ ಗೋಡೆಯಷ್ಟೇ ನೀರೂ ಕೋಟೆಯನ್ನು ಕಾಯುತ್ತದೆ. ಇತಿಹಾಸವನ್ನು ಅವಲೋಕಿಸಿದರೆ, ಗೋಡೆ ಗಟ್ಟಿಯಾಗಿದ್ದೂ ಅನ್ನ-ನೀರಿನ ಅಭಾವದಿಂದ ಸೋತ ಕೋಟೆಗಳು ಅನೇಕವೆಂಬುದು ವಿದಿತವಾಗುತ್ತದೆ.

ಇತ್ತೀಚಿನ ದಶಕಗಳಲ್ಲಿ ಜಗತ್ತಿನ ಸೇನೆಗಳು ಈ ಹಳೆಯ ಸತ್ಯವನ್ನು ಹೊಸ ಹೆಸರಿನಿಂದ ಕಲಿಯತೊಡಗಿವೆ. ಆ ಹೆಸರು ‘ಪರಿಸರ ನಿರ್ವಹಣಾ ವ್ಯವಸ್ಥೆ’. ಸೇನಾನೆಲೆಯಲ್ಲಿ ದುಡಿಯುವ ಪ್ರತಿಯೊಬ್ಬನೂ, ಅಧಿಕಾರಿಯಿಂದ ಹಿಡಿದು ಅಡಿಗೆಯವನವರೆಗೆ, ತನ್ನ ಕೆಲಸದಿಂದ ನೆಲ, ಜಲ, ವಾಯುಗಳಿಗೆ ಆಗುವ ಪರಿಣಾಮವನ್ನು ಅರಿತಿರಬೇಕೆಂಬುದು ಅದರ ತಿರುಳು. ಈ ವಿಷಯವನ್ನು ಪರದೇಶದ ಉದಾಹರಣೆಗಳಿಂದಲೇ ಆರಂಭಿಸಬೇಕಾಗಿಲ್ಲ. ವಿಜಯಪುರದ ನೆಲದಲ್ಲಿಯೇ ಅದರ ಮೊದಲ ಪಾಠವಿದೆ.

೧. ಕೋಟೆಯೂ ನೀರೂ

ವಿಜಯಪುರ ಪ್ರಾಂತವು ಮಳೆ ಕಡಿಮೆಯಿರುವ ಪ್ರದೇಶ. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು, ಅದೂ ನಿಶ್ಚಿತವಲ್ಲ. ಮೇಲೆ ಎರೆಮಣ್ಣು, ಕೆಳಗೆ ಕರಿಗಲ್ಲಿನ ಹಾಸು. ಕರಿಗಲ್ಲು ನೀರನ್ನು ತನ್ನ ಒಡಲಲ್ಲಿ ಹಿಡಿದಿಡುವುದಿಲ್ಲ. ಬಿರುಕುಗಳಲ್ಲಿಯೂ ಶಿಥಿಲವಾದ ಪದರುಗಳಲ್ಲಿಯೂ ಮಾತ್ರ ನೀರು ನಿಲ್ಲುತ್ತದೆ. ಇಂಥ ನೆಲದ ಮೇಲೆ ಆದಿಲಶಾಹಿ ಅರಸರು ದಖ್ಖನಿನ ಮಹಾನಗರಗಳಲ್ಲಿ ಒಂದನ್ನು ಕಟ್ಟಿದರು. ಒಂದನೆಯ ಅಲಿ ಆದಿಲಶಾಹನ ಕಾಲದಲ್ಲಿ (1558-1580) ಸುಮಾರು ಹತ್ತು ಕಿಲೋಮೀಟರು ಸುತ್ತಳತೆಯ ಕೋಟೆಗೋಡೆ ನಗರವನ್ನು ಆವರಿಸಿತು. ಗೋಡೆಯ ಹೊರಗೆ ಕಂದಕ, ಒಳಗೆ ಅರಮನೆ, ಪೇಟೆ, ಲಾಯ, ದಂಡು ಎಲ್ಲವೂ ಇದ್ದುವು.

ಇಷ್ಟು ಜನಕ್ಕೂ ಪ್ರಾಣಿಗಳಿಗೂ ನೀರು ಒದಗಿಸಿದ ರೀತಿ ಇಂದಿಗೂ ವಿದ್ವಾಂಸರ ಮೆಚ್ಚುಗೆಗೆ ಪಾತ್ರವಾಗಿದೆ. ನಗರದ ಪಶ್ಚಿಮಕ್ಕೆ, ತಿಕೋಟಾ ಕಡೆಗೆ ಹೋಗುವ ದಾರಿಯಲ್ಲಿರುವ ತೊರವಿಯಿಂದ ನೆಲದೊಳಗಿನ ಸುರಂಗದ ಮೂಲಕ ನೀರನ್ನು ಕೋಟೆಯೊಳಕ್ಕೆ ತಂದರು. ಜನರು ಇಂದಿಗೂ ಅದನ್ನು ಸುರಂಗ ಬಾವಿ ಎಂದೇ ಕರೆಯುತ್ತಾರೆ. ನಗರದ ದಕ್ಷಿಣಕ್ಕೆ 1651ರಲ್ಲಿ ಮುಹಮ್ಮದ್ ಆದಿಲಶಾಹನು ಬೇಗಂ ತಲಾಬನ್ನು ಕಟ್ಟಿಸಿದನು. ಅಲ್ಲಿಂದ ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೀರು ನಗರಕ್ಕೆ ಹರಿಯಿತು. ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಎತ್ತರದ ನೀರಿನ ಗೋಪುರಗಳನ್ನು ನಿಲ್ಲಿಸಿದರು. ಇವು ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುತ್ತಿದ್ದುವು; ನೀರಿನೊಡನೆ ಬಂದ ಹೂಳು ಇವುಗಳ ತಳದಲ್ಲಿ ನಿಂತು, ಮುಂದಕ್ಕೆ ತಿಳಿನೀರು ಹೋಗುತ್ತಿತ್ತು. ಇವುಗಳ ಜೊತೆಗೆ ತಾಜ ಬಾವಡಿ, ಚಾಂದ ಬಾವಡಿಗಳಂಥ ದೊಡ್ಡ ಬಾವಿಗಳೂ ಇದ್ದುವು. ಇಂದಿನ ಬಬಲೇಶ್ವರ ತಾಲ್ಲೂಕಿನ ಮಮದಾಪುರದ ವಿಸ್ತಾರವಾದ ಕೆರೆಯೂ ಮುಹಮ್ಮದ್ ಆದಿಲಶಾಹನ ಕಾಲದ್ದೇ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಗೋಪುರದ ತಳದ ಹೂಳು ತಾನಾಗಿ ಹೊರಹೋಗುವುದಿಲ್ಲ. ಯಾರೋ ಇಳಿದು ಎತ್ತಬೇಕು. ಸುರಂಗದಲ್ಲಿ ಕುಸಿದ ಕಲ್ಲನ್ನು ಯಾರೋ ತೆಗೆಯಬೇಕು. ಕಟ್ಟಿಸಿದ ಅರಸರ ಹೆಸರು ಶಾಸನಗಳಲ್ಲಿ ಉಳಿದಿದೆ. ಹೂಳು ಎತ್ತಿದವರ ಹೆಸರು ಎಲ್ಲಿಯೂ ಉಳಿದಿಲ್ಲ. ಆದರೂ ವ್ಯವಸ್ಥೆ ನಡೆದದ್ದು ಆ ಹೆಸರಿಲ್ಲದ ಕೈಗಳಿಂದಲೇ.

೨. 1665ರ ಪಾಠ

ಎರಡನೆಯ ಅಲಿ ಆದಿಲಶಾಹನ ಆಳ್ವಿಕೆಯಲ್ಲಿ, 1665ರ ಕೊನೆಯಲ್ಲಿ, ಮೊಗಲ ಸೇನಾಪತಿ ಮಿರ್ಜಾ ರಾಜಾ ಜಯಸಿಂಹನು ದೊಡ್ಡ ದಂಡಿನೊಡನೆ ವಿಜಯಪುರದ ಮೇಲೆ ನಡೆದು ಬಂದನು. ಡಿಸೆಂಬರಿನ ಅಂತ್ಯಕ್ಕೆ ಅವನು ಕೋಟೆಯಿಂದ ಹತ್ತು ಹನ್ನೆರಡು ಮೈಲಿಗಳ ದೂರಕ್ಕೆ ಬಂದು ತಲುಪಿದ್ದನು. ನಗರದವರು ಆಗ ಕೈಗೊಂಡ ಉಪಾಯ ಘೋರವಾದದ್ದು. ಕೋಟೆಯ ಸುತ್ತ ಮೈಲಿಗಟ್ಟಲೆ ನೆಲವನ್ನು ತಾವೇ ಹಾಳು ಮಾಡಿದರು. ಶಹಾಪುರ ಮತ್ತು ನೌರಸಪುರದ ಕೆರೆಗಳ ನೀರನ್ನು ಹೊರಕ್ಕೆ ಬಿಟ್ಟರು, ಬಾವಿಗಳಲ್ಲಿ ಮಣ್ಣು ತುಂಬಿದರು, ಮರಗಳನ್ನು ಕಡಿದರು. ಜಯಸಿಂಹನು ಮುತ್ತಿಗೆಗೆ ಬೇಕಾದ ದೊಡ್ಡ ತೋಪುಗಳನ್ನೂ ತಂದಿರಲಿಲ್ಲ. ನೀರಿಲ್ಲ, ಮೇವಿಲ್ಲ, ನೆರಳಿಲ್ಲ. 1666ರ ಜನವರಿಯ ಮೊದಲ ವಾರದಲ್ಲಿಯೇ ಆ ಸೇನೆ ಹಿಂದಿರುಗಬೇಕಾಯಿತು.

ಯುದ್ಧಶಾಸ್ತ್ರದ ದೃಷ್ಟಿಯಿಂದ ಇದು ಜಯ. ಗೋಡೆಯ ಮೇಲೆ ಒಂದು ಗುಂಡೂ ಬೀಳದೆ ಕೋಟೆ ಉಳಿಯಿತು. ಉಳಿಸಿದ್ದು ನೀರು, ಅಥವಾ ನೀರಿನ ಅಭಾವ. ಆದರೆ ರೈತನ ದೃಷ್ಟಿಯಿಂದ ನೋಡಿದರೆ ಲೆಕ್ಕ ಬೇರೆ. ಬಾವಿಗೆ ಮಣ್ಣು ತುಂಬುವುದು ಒಂದು ದಿನದ ಕೆಲಸ. ಕರಿಗಲ್ಲಿನಲ್ಲಿ ಬಾವಿ ತೋಡುವುದು ವರ್ಷಗಳ ಕೆಲಸ. ಮರ ಕಡಿಯಲು ಒಂದು ಗಳಿಗೆ ಸಾಕು; ಬೆಳೆಸಲು ಒಂದು ತಲೆಮಾರು ಬೇಕು. ದಂಡು ಹಿಂದಿರುಗಿದ ಮೇಲೆ ಆ ನೆಲದಲ್ಲಿ ಬದುಕಬೇಕಾದವರು ನಗರದ ಸುತ್ತಲಿನ ಹಳ್ಳಿಗರೇ.

ಇಪ್ಪತ್ತು ವರ್ಷಗಳ ನಂತರ, 1685ರಲ್ಲಿ, ಔರಂಗಜೇಬನ ಸೇನೆ ನಗರವನ್ನು ಮುತ್ತಿತು. ಒಂದು ವರ್ಷಕ್ಕೂ ಮೀರಿ ನಡೆದ ಆ ಮುತ್ತಿಗೆಯಲ್ಲಿ ಒಳಗಿನವರೂ ಹೊರಗಿನವರೂ ಅನ್ನದ ಅಭಾವದಿಂದ ಬಳಲಿದರು. 1686ರ ಸೆಪ್ಟೆಂಬರಿನಲ್ಲಿ ಸಿಕಂದರ ಆದಿಲಶಾಹನು ಶರಣಾದನು. ಅದಾದ ಎರಡೇ ವರ್ಷಗಳಲ್ಲಿ, 1688ರಲ್ಲಿ, ನಗರದಲ್ಲಿಯೂ ಮೊಗಲ ಬೀಡಿನಲ್ಲಿಯೂ ಪ್ಲೇಗು ಹಬ್ಬಿತು. ಬಾದಶಹನ ಪತ್ನಿಯೊಬ್ಬಳೇ ಅದಕ್ಕೆ ಬಲಿಯಾದಳು. ಧಾನ್ಯ ಮತ್ತು ಕಸ ಒಂದೆಡೆ ಸೇರಿದಲ್ಲಿ ಇಲಿ ಸೇರುತ್ತದೆ, ಇಲಿಯ ಚಿಗಟದಿಂದ ಪ್ಲೇಗು ಹರಡುತ್ತದೆ ಎಂಬ ಜ್ಞಾನ ಆಗಿನವರಿಗೆ ಇರಲಿಲ್ಲ. ಶತ್ರುವಿನ ಕತ್ತಿ ಕಣ್ಣಿಗೆ ಕಾಣುತ್ತದೆ. ಈ ಶತ್ರು ಕಾಣುವುದಿಲ್ಲ.

೩. ಅರಿಯದೆ ಆದ ಕೇಡು

1665ರಲ್ಲಿ ನೀರನ್ನು ಕೆಡಿಸಿದವರಿಗೆ ತಾವು ಏನು ಮಾಡುತ್ತಿದ್ದೇವೆಂಬುದು ಗೊತ್ತಿತ್ತು. ಯಾವ ಬಾವಿ ಮುಚ್ಚಿದೆ ಎಂಬುದೂ ಗೊತ್ತಿತ್ತು. ಆದ್ದರಿಂದ ಮತ್ತೆ ತೋಡುವುದೂ ಸಾಧ್ಯವಿತ್ತು. ಅರಿಯದೆ ಕೆಡಿಸಿದ ನೀರು ಇದಕ್ಕಿಂತ ಅಪಾಯಕರ. ಅದಕ್ಕೆ ಇಪ್ಪತ್ತನೆಯ ಶತಮಾನದ ಒಂದು ಉದಾಹರಣೆಯನ್ನು ನೋಡಬಹುದು.

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ಕ್ಯಾಂಪ್ ಲೆಜೂನ್ ಎಂಬ ದೊಡ್ಡ ಸೇನಾನೆಲೆಯಿದೆ. 1953ರಿಂದ 1987ರವರೆಗೆ ಅಲ್ಲಿನ ಕುಡಿಯುವ ನೀರಿನಲ್ಲಿ ವಿಷದ್ರವ್ಯಗಳು ಬೆರೆತಿದ್ದುವು. ಯಂತ್ರಭಾಗಗಳ ಜಿಡ್ಡು ತೊಳೆಯುವ ಟ್ರೈಕ್ಲೋರೋಎಥಿಲೀನ್, ಬಟ್ಟೆಯ ಡ್ರೈಕ್ಲೀನಿಂಗಿಗೆ ಬಳಸುವ ಪರ್‌ಕ್ಲೋರೋಎಥಿಲೀನ್, ಇಂಧನದ ತೊಟ್ಟಿಗಳಿಂದ ಸೋರಿದ ಬೆಂಜೀನ್ ಇವೆಲ್ಲ ನೆಲದೊಳಗೆ ಇಳಿದು ಬಾವಿಗಳನ್ನು ಸೇರಿದ್ದುವು. ಇವುಗಳಲ್ಲಿ ಒಂದು ಭಾಗ ನೆಲೆಯ ಹೊರಗಿನ ಬಟ್ಟೆ ಶುಚಿಮಾಡುವ ಅಂಗಡಿಯಿಂದ ಬಂದದ್ದು. ಉಳಿದದ್ದು ನೆಲೆಯೊಳಗಿನ ದೈನಂದಿನ ಕೆಲಸದ ಫಲ. 1982ರಲ್ಲಿ ನೀರಿನ ಪರೀಕ್ಷೆಯಿಂದ ಸಂಗತಿ ಬೆಳಕಿಗೆ ಬಂದಿತು. ಹೆಚ್ಚು ಕೆಟ್ಟ ಬಾವಿಗಳನ್ನು 1985ರ ಹೊತ್ತಿಗೆ ಮುಚ್ಚಲಾಯಿತು. ಅಷ್ಟರಲ್ಲಿ ಆ ನೀರನ್ನು ಬಳಸಿದ ಸೈನಿಕರು, ಅವರ ಮಡದಿ ಮಕ್ಕಳು, ನಾಗರಿಕ ನೌಕರರು ಹತ್ತು ಲಕ್ಷದವರೆಗೆ ಇರಬಹುದೆಂದು ಅಂದಾಜು. ಅವರು ನ್ಯಾಯಾಲಯದಲ್ಲಿ ಪರಿಹಾರ ಕೇಳಲು ಅವಕಾಶ ಮಾಡಿಕೊಟ್ಟ ಕಾನೂನು ಬಂದದ್ದು 2022ರಲ್ಲಿ.

ಅಲ್ಲಿ ಯಾವ ಶತ್ರುವೂ ವಿಷ ಹಾಕಲಿಲ್ಲ. ದಿನದ ಕೆಲಸ ಮುಗಿಸಿದ ಯಾರೋ ಉಳಿದ ದ್ರಾವಣವನ್ನು ನೆಲಕ್ಕೆ ಚೆಲ್ಲಿದರು. ಯಾರೋ ಸೋರುವ ತೊಟ್ಟಿಯನ್ನು ಕಂಡೂ ವರದಿ ಮಾಡಲಿಲ್ಲ ಅಥವಾ ಕಾಣಲೇ ಇಲ್ಲ. ಯಾರಲ್ಲಿಯೂ ದುರುದ್ದೇಶವಿರಲಿಲ್ಲ, ಇಲ್ಲದಿದ್ದದ್ದು ಅರಿವು. ಸೇನಾನೆಲೆಯ ಸಿಬ್ಬಂದಿಗೆ ಪರಿಸರ ಶಿಕ್ಷಣವೇಕೆ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಾಗಿಲ್ಲ.

೪. ವ್ಯವಸ್ಥೆ ಎಂದರೇನು

1972ರ ಸ್ಟಾಕ್‌ಹೋಮ್ ಸಮ್ಮೇಳನದ ನಂತರ ಪರಿಸರದ ವಿಷಯ ಎಲ್ಲ ದೇಶಗಳ ಗಮನಕ್ಕೆ ಬಂದಿತು. ಭಾರತದಲ್ಲಿ 1974ರ ಜಲ ಕಾಯಿದೆ, 1981ರ ವಾಯು ಕಾಯಿದೆ, ಭೋಪಾಲದ ದುರಂತದ ನಂತರ 1986ರ ಪರಿಸರ ಸಂರಕ್ಷಣಾ ಕಾಯಿದೆಗಳು ಬಂದುವು. 1976ರ ಸಂವಿಧಾನ ತಿದ್ದುಪಡಿಯು ಕಾಡು, ಕೆರೆ, ನದಿ, ವನ್ಯಜೀವಿಗಳ ರಕ್ಷಣೆಯನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ಸಮವಸ್ತ್ರ ಧರಿಸಿದವನೂ ಈ ಕರ್ತವ್ಯದಿಂದ ಹೊರತಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಸೇನಾ ಆಸ್ಪತ್ರೆಗಳಿಗೂ ಅನ್ವಯಿಸಿ, ಅವುಗಳ ಮೇಲ್ವಿಚಾರಣೆಯನ್ನು ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಯ ಮಹಾನಿರ್ದೇಶಕರಿಗೆ ವಹಿಸಿದುದು ಇದಕ್ಕೆ ನಿದರ್ಶನ.

ಕಾಯಿದೆ ‘ಹೀಗೆ ಮಾಡಬಾರದು’ ಎಂದು ಹೇಳುತ್ತದೆ. ಮಾಡದಿರುವುದನ್ನು ದಿನನಿತ್ಯದ ರೂಢಿಯಾಗಿ ಮಾಡುವ ಕ್ರಮವೇ ನಿರ್ವಹಣಾ ವ್ಯವಸ್ಥೆ. ಇದಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1996ರಲ್ಲಿ ಐ.ಎಸ್.ಓ. 14001 ಎಂಬ ಮಾನಕವನ್ನು ಪ್ರಕಟಿಸಿತು. 2004ರಲ್ಲಿಯೂ 2015ರಲ್ಲಿಯೂ ಅದು ಪರಿಷ್ಕೃತವಾಯಿತು. ಅಮೆರಿಕದ ಸರಕಾರವು 2000ದಲ್ಲಿ ಹೊರಡಿಸಿದ ಆದೇಶವೊಂದರಿಂದ ತನ್ನ ಇಲಾಖೆಗಳು, ಸೇನಾನೆಲೆಗಳೂ ಸೇರಿದಂತೆ, 2005ರ ಕೊನೆಯೊಳಗೆ ಇಂಥ ವ್ಯವಸ್ಥೆಯನ್ನು ಅಳವಡಿಸಿಕೊಳ್ಳಬೇಕೆಂದು ವಿಧಿಸಿತು.

ಇದರ ಕ್ರಮ ನಾಲ್ಕು ಹೆಜ್ಜೆಗಳದ್ದು: ಯೋಜಿಸುವುದು, ನೆರವೇರಿಸುವುದು, ಪರೀಕ್ಷಿಸುವುದು, ತಿದ್ದಿಕೊಳ್ಳುವುದು. ಒಳ್ಳೆಯ ರೈತನು ಹೊಲದ ವಿಷಯದಲ್ಲಿ ಮಾಡುವುದೂ ಇದನ್ನೇ. ಮಳೆಗಾಲಕ್ಕೆ ಮೊದಲು ಒಡ್ಡು ಎಲ್ಲಿ ಬೇಕೆಂದು ಯೋಚಿಸುತ್ತಾನೆ, ಹಾಕುತ್ತಾನೆ, ಮೊದಲ ಮಳೆಯ ಮರುದಿನ ಹೊಲಕ್ಕೆ ಹೋಗಿ ಎಲ್ಲಿ ಒಡೆದಿದೆ ಎಂದು ನೋಡುತ್ತಾನೆ, ಒಡೆದದ್ದನ್ನು ಕಟ್ಟುತ್ತಾನೆ. ಒಡ್ಡು ಹಾಕಿ ಮನೆಗೆ ಬಂದು ಮಲಗುವವನ ಮಣ್ಣು ಹಳ್ಳದ ಪಾಲಾಗುತ್ತದೆ. ವ್ಯವಸ್ಥೆಯೆಂದರೆ ಮರುದಿನ ಹೋಗಿ ನೋಡುವ ಈ ಅಭ್ಯಾಸ.

೫. ಸಿಬ್ಬಂದಿ ಅರಿಯಬೇಕಾದ ನಾಲ್ಕು ಸಂಗತಿಗಳು

ಈ ಮಾನಕವು ‘ಅರಿವು’ ಎಂಬುದನ್ನು ಪ್ರತ್ಯೇಕವಾದ ಅಂಶವೆಂದೇ ಪರಿಗಣಿಸಿದೆ. ಅದರ ಪ್ರಕಾರ ಸಂಸ್ಥೆಯ ಅಧೀನದಲ್ಲಿ ದುಡಿಯುವ ಪ್ರತಿಯೊಬ್ಬನೂ, ಗುತ್ತಿಗೆಯ ಕೂಲಿಯೂ ಸೇರಿದಂತೆ, ನಾಲ್ಕು ಸಂಗತಿಗಳನ್ನು ತಿಳಿದಿರಬೇಕು.

ಮೊದಲನೆಯದು, ಸಂಸ್ಥೆಯ ಪರಿಸರ ನೀತಿ. ಅದನ್ನು ಕಂಠಪಾಠ ಮಾಡಬೇಕಾಗಿಲ್ಲ. ‘ಈ ನೆಲೆಯ ನೀರನ್ನು ನಾವು ಕೆಡಿಸುವುದಿಲ್ಲ’ ಎಂಬಷ್ಟು ಸರಳವಾಗಿ ಅದರ ಅರ್ಥ ತಿಳಿದಿದ್ದರೆ ಸಾಕು.

ಎರಡನೆಯದು, ತನ್ನ ಕೆಲಸದಿಂದ ಆಗುವ ಪರಿಣಾಮ. ಇದೇ ಎಲ್ಲಕ್ಕಿಂತ ಮುಖ್ಯ. ಗ್ಯಾರೇಜಿನಲ್ಲಿ ಲಾರಿಯ ಹಳೆಯ ಎಂಜಿನ್ ಆಯಿಲನ್ನು ಬದಲಿಸುವವನು ಆ ಎಣ್ಣೆಯನ್ನು ಗಟಾರಕ್ಕೆ ಬಿಟ್ಟರೆ ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿದಿರಬೇಕು. ಬ್ಯಾಟರಿಯ ಕೋಣೆಯವನಿಗೆ ಆಮ್ಲ ಮತ್ತು ಸೀಸದ ಗುಣ ಗೊತ್ತಿರಬೇಕು. ಮೆಸ್ಸಿನ ಅಡಿಗೆಯವನು ಉಳಿದ ಅನ್ನವನ್ನೂ ಪ್ಲಾಸ್ಟಿಕ್ ಚೀಲವನ್ನೂ ಒಂದೇ ಬುಟ್ಟಿಗೆ ಹಾಕಿದರೆ ಗೊಬ್ಬರವಾಗಬಹುದಾದದ್ದು ಕೊಳಕಾಗುತ್ತದೆ, ಇಲಿ ನಾಯಿಗಳು ಸೇರುತ್ತವೆ. ತೋಟದ ಮಾಲಿಯು ಕೀಟನಾಶಕದ ಡಬ್ಬಿಯನ್ನು ಬಾವಿಯ ಕಟ್ಟೆಯ ಮೇಲೆ ತೊಳೆಯಬಾರದು. ಪಂಪ್ ನಡೆಸುವವನು ನೀರು ತುಂಬಿ ಹೊರಚೆಲ್ಲುವವರೆಗೆ ಮಲಗಬಾರದು.

ಮೂರನೆಯದು, ವ್ಯವಸ್ಥೆಗೆ ತನ್ನಿಂದ ಸಲ್ಲುವ ನೆರವು. ಹಳೆಯ ಎಣ್ಣೆಯನ್ನು ಗುರುತು ಬರೆದ ಪೀಪಾಯಿಯಲ್ಲಿ ತುಂಬಿ, ಪರವಾನಿಗೆ ಪಡೆದ ಸಂಸ್ಕರಣೆಗಾರನಿಗೆ ಕೊಡುವವರೆಗೆ ನೆರಳಿನಲ್ಲಿ ಕಾಪಾಡುವುದು. ಸೋರುವ ನಲ್ಲಿಯನ್ನು ಕಂಡ ದಿನವೇ ದಾಖಲೆ ಪುಸ್ತಕದಲ್ಲಿ ಬರೆಯುವುದು. ಎಣ್ಣೆ ಚೆಲ್ಲಿದರೆ ನೀರು ಹಾಕಿ ತೊಳೆಯದೆ, ಮರಳು ಅಥವಾ ಕಟ್ಟಿಗೆಯ ಪುಡಿ ಹಾಕಿ ಹೀರಿಸಿ, ಆ ಪುಡಿಯನ್ನು ಪ್ರತ್ಯೇಕವಾಗಿಡುವುದು. ನೀರು ಹಾಕಿ ತೊಳೆದರೆ ಅಂಗಳ ಶುಚಿಯಾಗಿ ಕಾಣುತ್ತದೆ, ನಿಜ. ಆದರೆ ಹೊಲಸು ಕಣ್ಮರೆಯಾಗಿದೆಯೇ ಹೊರತು ಇಲ್ಲವಾಗಿಲ್ಲ.

ನಾಲ್ಕನೆಯದು, ಕ್ರಮ ತಪ್ಪಿದರೆ ಒದಗುವ ಫಲ. ಇದು ದಂಡದ ಭಯಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ನೆಲೆಯ ಬಾವಿ ಕೆಟ್ಟರೆ ಮೊದಲು ಕುಡಿಯುವವರು ನೆಲೆಯೊಳಗಿನ ಮಕ್ಕಳೇ ಎಂಬ ಅರಿವು ಅದು.

ಇಲ್ಲಿ ಅಧಿಕಾರಿಗಳ ಹೊಣೆಯೂ ಚಿಕ್ಕದಲ್ಲ. ಎಣ್ಣೆ ಚೆಲ್ಲಿತೆಂದು ತಾನಾಗಿ ಬಂದು ಹೇಳಿದ ಕೆಲಸಗಾರನನ್ನು ಗದರಿಸಿ ಕಳುಹಿಸಿದರೆ, ಮರುಸಲ ಅವನು ಹೇಳಲು ಬರುವುದಿಲ್ಲ. ಮಣ್ಣು ಮುಚ್ಚಿ ಸುಮ್ಮನಾಗುತ್ತಾನೆ. ತಪ್ಪನ್ನು ಒಪ್ಪಿಕೊಂಡವನಿಗೆ ಮೊದಲು ನೆರವು, ಆಮೇಲೆ ವಿಚಾರಣೆ ಎಂಬ ಕ್ರಮವಿಲ್ಲದ ಕಡೆ ಎಷ್ಟು ಫಲಕ ತೂಗುಹಾಕಿದರೂ ಅರಿವು ಬೆಳೆಯದು. ಪಾಠಶಾಲೆಗಳಲ್ಲಿ ನುರಿತ ಉಪಾಧ್ಯಾಯರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

೬. ಒಂದು ಆಕ್ಷೇಪ

‘ಸೇನೆಯ ಕೆಲಸ ದೇಶರಕ್ಷಣೆ, ಗಿಡ-ಮರ, ಕಸ-ಕಡ್ಡಿಗಳ ಚಿಂತೆ ಅದಕ್ಕೇಕೆ?’ ಎಂದು ಕೇಳುವವರಿದ್ದಾರೆ. ಯುದ್ಧದ ಗಳಿಗೆಯಲ್ಲಿ ಕೆಲವು ನಿಯಮಗಳು ಹಿಂದೆ ಸರಿಯುತ್ತವೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸೇನಾನೆಲೆಯ ಬಹುಪಾಲು ದಿನಗಳು ಶಾಂತಿಯ ದಿನಗಳು. ಕೇಡು ಶೇಖರವಾಗುವುದು ಆ ದಿನಗಳಲ್ಲಿಯೇ. ಇಂಧನ ಉಳಿಸುವ ನೆಲೆಗೆ ಇಂಧನ ಸಾಗಿಸುವ ಲಾರಿಗಳೂ ಕಡಿಮೆ ಸಾಕು. ನೀರು ಉಳಿಸಿದ ನೆಲೆ ಬರಗಾಲದಲ್ಲಿಯೂ ನಿಲ್ಲಬಲ್ಲದು. ಜಯಸಿಂಹನ ದಂಡನ್ನು ಹಿಂದಕ್ಕೆ ಕಳುಹಿಸಿದ ಬಾಯಾರಿಕೆ ಯಾವ ದಂಡಿಗೂ ಬರಬಹುದು.

ಭಾರತೀಯ ಸೇನೆ ನೆಲವನ್ನು ಮತ್ತೆ ಕಟ್ಟುವ ಕೆಲಸವನ್ನೂ ಕೈಗೊಂಡಿದೆ. 1982ರಲ್ಲಿ ಡೆಹರಾಡೂನಿನಲ್ಲಿ ಪ್ರಾದೇಶಿಕ ಸೇನೆಯ ಮೊದಲ ಪರಿಸರ ದಳ ರಚನೆಯಾಯಿತು. ಸುಣ್ಣಗಲ್ಲಿನ ಗಣಿಗಳಿಂದ ಬೋಳಾಗಿದ್ದ ಮಸ್ಸೂರಿಯ ಬೆಟ್ಟಗಳಲ್ಲಿ ಮಾಜಿ ಸೈನಿಕರು ಗಿಡ ನೆಟ್ಟು ಬೆಳೆಸಿದರು. ಮರುವರ್ಷ ರಾಜಸ್ಥಾನದ ಮರುಭೂಮಿಯಲ್ಲಿಯೂ, 2017ರಲ್ಲಿ ನೆರೆಯ ಮರಾಠವಾಡಾದಲ್ಲಿಯೂ ಇಂಥ ದಳಗಳು ಆರಂಭವಾದುವು. ಗಿಡವನ್ನು ನೆಡುವುದು ಸಮಾರಂಭ. ಅದನ್ನು ಮೂರು ಬೇಸಗೆ ಕಾಯುವುದು ಶಿಸ್ತು. ಆ ಶಿಸ್ತು ಸೈನಿಕನಲ್ಲಿದೆ.

೭. ನಮ್ಮ ನೆಲದಲ್ಲಿ

ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ನಡೆಯುತ್ತಿದೆ. ಈ ಭಾಗದ ಅನೇಕ ತರುಣರು ಅಲ್ಲಿಂದಲೂ ಇತರ ಶಾಲೆಗಳಿಂದಲೂ ಸೇನೆಯನ್ನು ಸೇರುತ್ತಾರೆ. ಬೆಳಗಾವಿ, ಬೀದರ, ಕಾರವಾರಗಳ ಸೇನಾನೆಲೆಗಳಲ್ಲಿ ನಾಗರಿಕ ನೌಕರರಾಗಿ ದುಡಿಯುವವರೂ ಇದ್ದಾರೆ. ಅವರು ನೆಲೆಗೆ ಹೋದ ಮೇಲೆ ಕಲಿಯಬೇಕಾದುದರ ಬೀಜವನ್ನು ಶಾಲೆಯಲ್ಲಿಯೇ ಬಿತ್ತುವುದು ಯೋಗ್ಯ.

ತಿಕೋಟಾದ ದ್ರಾಕ್ಷಿಯ ತೋಟಗಳು ಕೊಳವೆಬಾವಿಗಳನ್ನು ನಂಬಿ ಬೆಳೆದಂಥವು. ಬಬಲೇಶ್ವರದ ಕಡೆ ಕೆರೆ ತುಂಬಿದರೆ ಸುತ್ತಲಿನ ಬಾವಿಗಳಿಗೆ ಜೀವ ಬರುತ್ತದೆ. ಕರಿಗಲ್ಲಿನ ಬಿರುಕು ಒಂದು ಹೊಲದ ಗಡಿಯಲ್ಲಿ ನಿಲ್ಲುವುದಿಲ್ಲ. ಒಬ್ಬನ ಬಾವಿಗೆ ಬಿದ್ದ ಹೊಲಸು ಬಿರುಕಿನ ದಾರಿಯಲ್ಲಿ ಇನ್ನೊಬ್ಬನ ಬಾವಿಯನ್ನು ಮುಟ್ಟುತ್ತದೆ. ಸೇನಾನೆಲೆಯ ಬೇಲಿಯೂ ಅಷ್ಟೆ. ಬೇಲಿ ಮನುಷ್ಯರನ್ನು ತಡೆಯುತ್ತದೆ, ಅಂತರ್ಜಲವನ್ನು ತಡೆಯುವುದಿಲ್ಲ. ಆದ್ದರಿಂದ ನೆಲೆಯ ಸಿಬ್ಬಂದಿಯ ಅರಿವು ನೆರೆಯ ಹಳ್ಳಿಗೂ ರಕ್ಷಣೆ.

ಕೋಟೆಯ ಕಾಲದ ನೀರಿನ ವ್ಯವಸ್ಥೆಯೂ ಇದನ್ನೇ ಸಾರುತ್ತದೆ. ಒಂದು ಕಾಲಕ್ಕೆ ಪ್ರವಾಸಿಗಳಿಗೂ ಪ್ರಜೆಗಳಿಗೂ ನೀರುಣಿಸಿದ ತಾಜ ಬಾವಡಿ, ಕಸ ಮತ್ತು ವಿಸರ್ಜಿಸಿದ ಮೂರ್ತಿಗಳಿಂದ ದಶಕಗಳ ಕಾಲ ಹೂಳು ತುಂಬಿ ನಿಂತಿತ್ತು. ಯಾವ ಶತ್ರುವೂ ಅದನ್ನು ಮುಚ್ಚಿರಲಿಲ್ಲ. 2017ರ ಸುಮಾರಿಗೆ ಹೂಳೆತ್ತುವ ಕಾರ್ಯ ನಡೆದಾಗ ಕೆಳಗಿನ ಸೆಲೆಗಳು ಇನ್ನೂ ಜೀವಂತವಾಗಿದ್ದುವು. ಕರಿಗಲ್ಲು ಕ್ಷಮಾಶೀಲವಾದದ್ದು, ಆದರೆ ಆ ಕ್ಷಮೆ ಹೂಳಿಗೆ ಸಲ್ಲುತ್ತದೆ, ವಿಷಕ್ಕೆ ಸಲ್ಲುವುದಿಲ್ಲ. ಹೂಳನ್ನು ಎತ್ತಬಹುದು, ಬಿರುಕಿನೊಳಗೆ ಇಳಿದ ದ್ರಾವಣವನ್ನು ಎತ್ತುವುದು ಬಹು ಕಷ್ಟ.

ಮೇಲಿನ ವಿವೇಚನೆಯಿಂದ ಹೊರಡುವ ಸಾರಾಂಶ ಇಷ್ಟು. ಕೋಟೆಯನ್ನು ಕಟ್ಟುವವನು ಅರಸ. ಅದನ್ನು ಉಳಿಸುವವನು ಗಂಜಿನ ತಳದ ಹೂಳು ಎತ್ತುವವನು. ಅವನಿಗೆ ತಾನು ಎತ್ತುತ್ತಿರುವುದು ಬರಿಯ ಹೂಳಲ್ಲ, ನಗರದ ಆಯುಷ್ಯ ಎಂಬ ಅರಿವು ಇದ್ದರೆ ವ್ಯವಸ್ಥೆ ನಿಲ್ಲುತ್ತದೆ. ಅರಿವನ್ನು ಕೊಡುವುದು ಗುರುವಿನ ಕೆಲಸ. ತರಗತಿಯ ಮಕ್ಕಳನ್ನು ಒಂದು ದಿನ ತೊರವಿಯ ಸುರಂಗ ಬಾವಿಯವರೆಗೆ ಕರೆದೊಯ್ದು, ಅಲ್ಲಿಂದ ಕೋಟೆಯವರೆಗೆ ನೀರು ನಡೆದ ದಾರಿಯನ್ನು ತೋರಿಸಿದರೆ, ಮುಂದೆ ಯಾವ ನೆಲೆಯಲ್ಲಿ ಯಾವ ಉಡುಪಿನಲ್ಲಿ ದುಡಿದರೂ, ಕೈಯಲ್ಲಿಯ ಡಬ್ಬಿಯನ್ನು ಗಟಾರಕ್ಕೆ ಬಗ್ಗಿಸುವ ಮೊದಲು ಅವರು ಒಂದು ಕ್ಷಣ ನಿಂತು ಯೋಚಿಸಿಯಾರು.